ನೂರೈವತ್ತರ ಗಾಡಿ

ಕರೆಂಟಿನ ಗಾಡಿ ಮನೆಗೆ ಬಂದ ದಿನ, ಅದರ ಜೊತೆ ಬಂದ ಬಣ್ಣದ ಹಾಳೆಯನ್ನು ಮಾವ ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಹಾಳೆಯ ನಡುವೆ ದಪ್ಪ ಅಕ್ಷರದಲ್ಲಿ ಒಂದೇ ಮಾತಿತ್ತು: ಒಂದು ಸಲ ಚಾರ್ಜ್ ಮಾಡಿದರೆ ನೂರೈವತ್ತು ಕಿಲೋಮೀಟರ್. ಮೂವತ್ತನಾಲ್ಕು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ನಿವೃತ್ತರಾದ ಮನುಷ್ಯ ಅವರು. ಅಷ್ಟು ವರ್ಷದಲ್ಲಿ ಅವರು ಕಲಿತದ್ದು ಇಷ್ಟು: ಮೀಟರು ಸುಳ್ಳು ಹೇಳುವುದಿಲ್ಲ, ಅಚ್ಚಾದ ಅಂಕಿ ಸುಳ್ಳು ಹೇಳುವುದಿಲ್ಲ, ಹೇಳುವುದಿದ್ದರೆ ಮನೆಯವರೇ.

ಹಾಗಾಗಿ ಮೊದಲ ವಾರದಲ್ಲೇ ಗಾಡಿ ತೊಂಬತ್ತು ಮುಟ್ಟುವ ಮೊದಲು ಉಸಿರು ಬಿಟ್ಟಾಗ, ತಪ್ಪು ಯಾರದ್ದು ಎಂದು ಅವರು ತಲೆ ಕೆಡಿಸಿಕೊಳ್ಳಲೇ ಇಲ್ಲ.

"ಓಡಿಸೋ ಕ್ರಮ ಸರಿ ಇಲ್ಲಮ್ಮ ನಿಂದು," ಎಂದರು ಸೊಸೆಗೆ. "ನೂರೈವತ್ತರ ಗಾಡಿ ಇದು. ಅರವತ್ತು ಕಿಲೋಮೀಟರ್ ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಿಲ್ಲ ಮಾವ. ಅದು ಬಂದೇ ಇರಲಿಲ್ಲ."

"ಅವಳ ಕೈಯೇ ಹಾಗೆ," ಎಂದು ಒಳಗಿನಿಂದ ಅತ್ತೆ ದನಿಗೂಡಿಸಿದರು. "ಎಣ್ಣೆ ಆಗಲಿ, ಸೋಪಿನ ಪುಡಿ ಆಗಲಿ, ಎಲ್ಲಾ ಧಾರಾಳ. ಕರೆಂಟು ಮಾತ್ರ ಹಿಡಿದು ಖರ್ಚು ಮಾಡ್ತಾಳಾ?"

ಸೊಸೆ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಆರಕ್ಕೆ ಐಸ್ ಡಬ್ಬಿ ಕಟ್ಟಿಕೊಂಡು ಹೊರಟು, ಇಪ್ಪತ್ತು ಇಪ್ಪತ್ತೈದು ಮನೆಗಳ ಮೆಟ್ಟಿಲು ಹತ್ತಿ ಇಳಿದು, ರಕ್ತ ತೆಗೆದು, ಹತ್ತೂವರೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಬೀದಿಯ ಮಕ್ಕಳಿಗೆಲ್ಲ ಅವಳು ಸೂಜಿಯಕ್ಕ. ಅವಳು ಗಾಡಿ ತಂದು ನಿಲ್ಲಿಸುತ್ತಿದ್ದ ಹಾಗೆ ಅವಳ ಗಂಡ ಅದನ್ನೇ ಹತ್ತಿ ಹದಿನೇಳು ಕಿಲೋಮೀಟರ್ ದೂರದ ಬಾಟಲಿ ಕಾರ್ಖಾನೆಗೆ ಮಧ್ಯಾಹ್ನದ ಪಾಳಿಗೆ ಹೋಗಬೇಕು. ದಿನಕ್ಕೆ ಅವಳದ್ದು ನಲವತ್ತು ಕಿಲೋಮೀಟರ್, ಅವನದ್ದು ಹೋಗಿ ಬರಲು ಮೂವತ್ತನಾಲ್ಕು. ಹಳೆಯ ಪೆಟ್ರೋಲ್ ಗಾಡಿ ಇದ್ದಾಗ ಈ ಕೂಡುಲೆಕ್ಕ ಯಾರಿಗೂ ಬೇಕಿರಲಿಲ್ಲ. ಅದನ್ನು ಮಾವ, ಹೊಸದು ಬಂದ ಮೂರನೇ ದಿನವೇ, ಹಿಂದಿನ ಬೀದಿಯ ಪೇಂಟರಿಗೆ ಮಾರಿಬಿಟ್ಟಿದ್ದರು. ಪೇಂಟರ್ ದಿನಾ ಬೆಳಿಗ್ಗೆ ಅದಕ್ಕೆ ಏಣಿ ಕಟ್ಟಿಕೊಂಡು ಮನೆ ಮುಂದೆಯೇ ಹೋಗುತ್ತಿದ್ದ. ಹೋಗುವಾಗ ಮರ್ಯಾದೆಗೆಂದು ಒಂದು ಹಾರ್ನ್ ಬೇರೆ.

ಮನೆಯಲ್ಲಿ ದಪ್ಪ ಪಿನ್ನಿನ ಪ್ಲಗ್ಗು ಇದ್ದದ್ದು ಒಂದೇ, ಅಡುಗೆಮನೆಯ ಕಿಟಕಿಯ ಪಕ್ಕ. ಗಾಡಿ ಚಾರ್ಜಿಗೆ ಬಿದ್ದರೆ ಬಟ್ಟೆಯ ಮೆಷಿನ್ ಓಡುವ ಹಾಗಿಲ್ಲ, ಮೆಷಿನ್ ಓಡಿದರೆ ಗಾಡಿ ಹಸಿದು ನಿಲ್ಲುತ್ತದೆ. ವೈರು ಕಿಟಕಿಯಿಂದ ಹೊರಗೆ ಹೋಗಬೇಕಾದ್ದರಿಂದ ಕಿಟಕಿ ಮುಚ್ಚುವಂತಿಲ್ಲ. ಸೊಳ್ಳೆಗಳಿಗೆ ಒಳ್ಳೆಯ ಕಾಲ ಬಂತು. ಸೊಸೆಯ ಎಂಟನೇ ಕ್ಲಾಸಿನ ಮಗಳು ಕಾಲು ಕೆರೆದುಕೊಳ್ಳುತ್ತಲೇ ಪಾಠ ಓದುತ್ತಿದ್ದಳು.

ಎರಡನೇ ವಾರಕ್ಕೆ ಮಾವ ಹಳೆಯ ಕೆಲಸಕ್ಕೆ ಮರಳಿದರು. ಗಾಡಿ ಅಂಗಳಕ್ಕೆ ಬಂದ ಕೂಡಲೇ ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂರುವುದು, ಎಷ್ಟು ಕಿಲೋಮೀಟರ್ ಓಡಿದೆ, ಬ್ಯಾಟರಿ ಎಷ್ಟು ಉಳಿದಿದೆ ಎಂದು ಪುಸ್ತಕದಲ್ಲಿ ಬರೆಯುವುದು. ನಂತರ ಕಟ್ಟಳೆಗಳು ಹುಟ್ಟಿಕೊಂಡವು. ನಲವತ್ತರ ಮೇಲೆ ವೇಗ ಕೂಡದು. ಹಗಲಲ್ಲಿ ದೀಪ ಕೂಡದು. ಸುಮ್ಮಸುಮ್ಮನೆ ಹಾರ್ನ್ ಕೂಡದು.

"ಎದುರಿಗೆ ಲಾರಿ ಬಂದ್ರೆ?" ಎಂದಳು ಸೊಸೆ.

"ಬಾಯಿಲ್ವಾ? ಕೂಗು."

ಮಗಳು ಕಿಸಕ್ಕನೆ ನಕ್ಕಳು. ಸೊಸೆಗೆ ನಗು ಬರಲಿಲ್ಲ. ನಲವತ್ತರಲ್ಲಿ ಓಡಿಸಿದ ವಾರ ಅವಳು ಎರಡು ದಿನ ಲ್ಯಾಬಿಗೆ ತಡವಾಗಿ ಮುಟ್ಟಿದಳು. ಗಡಿಯಾರದ ಅಂಗಡಿಯ ಮೇಲಿನ ಮನೆಯ ಅಜ್ಜ, ಹಿಂದಿನ ಸಂಜೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಕಾದವರು, ತೋಳು ಚಾಚುವ ಮೊದಲು ನಾಲಿಗೆ ಚಾಚಿದರು. "ಇನ್ನರ್ಧ ಗಂಟೆ ತಡ ಮಾಡಿದ್ರೆ ರಕ್ತ ಅಲ್ಲ, ಹೊಗೆ ಬರೋದು ನೋಡು!" ಅಷ್ಟೆಲ್ಲ ಮಾಡಿಯೂ ಗಾಡಿ ಕೊಟ್ಟದ್ದು ತೊಂಬತ್ತೊಂದು.

ಅದೇ ವಾರ ಅತ್ತೆಯ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಎಡಗಣ್ಣಿಗೆ ಪೊರೆ ಬಂದು, ಅವರು ಅಕ್ಕಿಯ ಕಲ್ಲನ್ನು ಬೆರಳಿನಿಂದ ತಡಕಿ ತೆಗೆಯುವ ಹಾಗಾಗಿತ್ತು. ಸೀರೆ ಬದಲಾಯಿಸಿ ಹೊಸ್ತಿಲಿಗೆ ಬಂದವರನ್ನು ಮಾವ ತಡೆದರು.

"ಇವತ್ತು ಬೇಡ. ಹಿಂದೆ ಒಬ್ಬರು ಕೂತ್ರೆ ಹನ್ನೊಂದು ಕಿಲೋಮೀಟರ್ ಕಡಿಮೆ ಬರ್ತಿದೆ. ಅವನಿಗೆ ಕಾರ್ಖಾನೆಯಿಂದ ವಾಪಸ್ ಬರೋಕೆ ಸಾಲಲ್ಲ."

"ಅದೇನ್ರೀ, ನಾನು ಹಿಂದೆ ಕೂತು ಕಿಲೋಮೀಟರ್ ತಿಂತೀನಾ?"

"ತೂಕ ಕಣೇ. ತೂಕ ಲೆಕ್ಕಕ್ಕೆ ಬರುತ್ತೆ."

"ಬಂತಲ್ಲ, ನಲವತ್ತು ವರ್ಷ ಆದಮೇಲೆ ನಾನೂ ಒಂದು ಲೆಕ್ಕಕ್ಕೆ," ಎಂದು ಅತ್ತೆ ಒಳಗೆ ಹೋಗಿ ಹಳೆಯ ಸೀರೆ ಸುತ್ತಿಕೊಂಡರು. ಆ ದಿನದಿಂದ ಅವರು ಸೊಸೆಯ ಕೈಯ ಧಾರಾಳತನದ ಮಾತು ಎತ್ತಲಿಲ್ಲ. ಸೊಸೆಗೆ ಅದು ಗಮನಕ್ಕೆ ಬಂದದ್ದು ಎಷ್ಟೋ ದಿನ ಕಳೆದ ಮೇಲೆ.

ತಿಂಗಳ ನಡುವೆ ಲ್ಯಾಬಿನ ಮ್ಯಾನೇಜರು ಅವಳನ್ನು ಒಳಗೆ ಕರೆದರು. ಬಂದರಿನಲ್ಲಿ ಹೊಸ ಶಾಖೆ ತೆರೆಯುತ್ತಿದ್ದಾರೆ. ಅಲ್ಲಿಗೆ ಒಬ್ಬರು ಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು. ಸಂಬಳ ಒಂದೂವರೆ ಪಟ್ಟು. ಸಂಜೆ ಬರುವಾಗ ದಿನದ ಡಬ್ಬಿಯನ್ನು ಇಲ್ಲಿಗೆ ತಂದು ಕೊಟ್ಟರಾಯಿತು. ತಿಂಗಳ ಕೊನೆಯ ಶನಿವಾರದೊಳಗೆ ಹೇಳಿ, ಎಂದರು.

ಸಂಬಳಕ್ಕಿಂತ ಅವಳ ಮನಸ್ಸು ಅಂಟಿಕೊಂಡದ್ದು ಒಂದು ಕುರ್ಚಿಗೆ. ಹನ್ನೊಂದು ವರ್ಷ ಅವಳು ಬೇರೆಯವರ ಮನೆಯ ಮೆಟ್ಟಿಲು ಹತ್ತಿದ್ದಳು, ಬೇರೆಯವರ ಮಂಚದ ತುದಿಯಲ್ಲಿ ಕೂತಿದ್ದಳು, ಬೇರೆಯವರ ನಾಯಿಗಳಿಗೆ ಹೆದರಿದ್ದಳು. ಬಂದರಿನಲ್ಲಿ ಅವಳಿಗೊಂದು ಮೇಜು, ಅವಳ ಕುರ್ಚಿ. ಜನ ಅವಳಿದ್ದಲ್ಲಿಗೆ ಬರುತ್ತಾರೆ. ಇದನ್ನು ನೆನೆಸಿಕೊಂಡರೆ ಅವಳಿಗೆ ಮೊಣಕಾಲಿನ ನೋವೇ ಮರೆತುಹೋಗುತ್ತಿತ್ತು.

ಅದೇ ವಾರ ಗಂಡನ ರಜೆಯ ದಿನ, ಊಟಕ್ಕೆ ಎಲ್ಲರೂ ಕೂತಿದ್ದಾಗ ವಿಷಯ ಎತ್ತಿದಳು.

"ಎಷ್ಟು ದೂರ?" ಎಂದ ಗಂಡ, ಮೊಟ್ಟೆಯ ಸಿಪ್ಪೆ ಸುಲಿಯುತ್ತ.

"ಅರವತ್ತೊಂದು."

"ಬಸ್ಸಿದೆಯಾ?"

"ಎರಡು ಕಡೆ ಬದಲಾಯಿಸಬೇಕು. ಮೂರು ಗಂಟೆ ಆಗುತ್ತೆ."

"ನಂದೂ ಹಿಂಗೇ ಬಸ್ಸಿಂದ ತಪ್ಪಿದ್ದು," ಎಂದು ಅತ್ತೆ ಶುರು ಮಾಡಿದರು. "ಮದುವೆ ಆದ ಹೊಸದರಲ್ಲಿ ಟೈಪಿಂಗ್ ಶಾಲೇಲಿ ಕಲಿಸೋ ಕೆಲಸ ಬಂದಿತ್ತು. ಶಾಲೆ ಬಿಡೋದು ಐದೂವರೆಗೆ, ಕೊನೇ ಬಸ್ಸು ಐದಕ್ಕೆ. ಅಲ್ಲಿಗೆ ಮುಗೀತು."

ಈ ಕಥೆಯನ್ನು ಸೊಸೆ ನೂರು ಸಲ ಕೇಳಿದ್ದಳು. ನೆಂಟರು ಬಂದರೂ ಇದು, ತರಕಾರಿಯವಳು ಬಂದರೂ ಇದು. ಅವಳು ಮಾವನ ಕಡೆಗೇ ನೋಡುತ್ತಿದ್ದಳು.

ಮಾವನ ತುತ್ತು ಅರ್ಧಕ್ಕೇ ನಿಂತಿತ್ತು. ಹೋಗಿ ಬರಲು ನೂರಿಪ್ಪತ್ತೆರಡು. ಆಗುವುದಿಲ್ಲ ಎಂದರೆ ಕನ್ನಡಕದ ಡಬ್ಬಿಯಲ್ಲಿರುವ ಹಾಳೆ ಸುಳ್ಳಾಗುತ್ತದೆ. ಆಗುತ್ತದೆ ಎಂದರೆ ಸೊಸೆ ಬಂದರಿಗೆ ಹೊರಡುತ್ತಾಳೆ. ಮನುಷ್ಯ ಎರಡು ಸಲ ಕೆಮ್ಮಿದರು.

"ನೂರೈವತ್ತರ ಗಾಡಿ," ಎಂದರು ಕಡೆಗೆ. "ಯಾಕೆ ಹೋಗಲ್ಲ? ಸರಿಯಾಗಿ ಓಡಿಸಿದ್ರೆ ಹೋಗುತ್ತೆ."

ಚಾಲಾಕಿ ಹೆಂಗಸಾಗಿದ್ದರೆ ಅಲ್ಲಿಗೆ ಬಾಯಿ ಮುಚ್ಚಿಕೊಂಡು, ಸರಿ ಮಾವ ಎಂದು ಎದ್ದು ತಟ್ಟೆ ತೊಳೆಯುತ್ತಿದ್ದಳು. ಇವಳಿಗೆ ಆ ಜಾಣತನ ಇರಲಿಲ್ಲ. ಒಂದು ತಿಂಗಳಿಂದ ಕೈ ಸರಿ ಇಲ್ಲ, ಕ್ರಮ ಸರಿ ಇಲ್ಲ ಎಂದು ಕೇಳಿ ಕೇಳಿ ರೋಸಿಹೋಗಿದ್ದಳು.

"ಹೋಗಲ್ಲ ಮಾವ. ಎಂಬತ್ತೆಂಟು, ತೊಂಬತ್ತು, ಅಷ್ಟೇ. ದಾರಿ ಮಧ್ಯೆ ನಿಂತ್ರೆ ಡಬ್ಬಿಯಲ್ಲಿರೋ ನಲವತ್ತು ಜನರ ರಕ್ತ ಹಾಳಾಗುತ್ತೆ. ಅದಕ್ಕೇ ಹೇಳ್ತಿರೋದು, ಆ ಪೇಂಟರ್ ಹತ್ರ ಹಳೇ ಗಾಡಿ ವಾಪಸ್ ಕೇಳೋಣ."

"ಕೊಟ್ಟ ವಸ್ತು ವಾಪಸ್ ಕೇಳೋ ವಂಶ ಅಲ್ಲ ನಮ್ಮದು. ಮೊದಲು ಇದು ಹೋಗಲ್ಲ ಅಂತ ತೋರಿಸು."

"ತೋರಿಸ್ತೀನಿ."

ಹೀಗೆ ಅವಳು ತನ್ನ ಬಲೆಯನ್ನು ತಾನೇ ಹೆಣೆಯಲು ಕೂತಳು.

ಮರುದಿನ ಅವಳು ಗಾಡಿ ತಂದು ನಿಲ್ಲಿಸಿದ ಕೂಡಲೇ ಮಾವ ಮಗನನ್ನು ಕರೆದುಕೊಂಡು ಗಾಡಿ ಮಾರಿದ ಅಂಗಡಿಗೆ ಹೋದರು. ಬಂದು, "ಟೈರಿಗೆ ಗಾಳಿ ಕಡಿಮೆ ಇತ್ತಂತೆ. ಅಷ್ಟೇ," ಎಂದರು. ಆದರೆ ಗಂಡ ಬಟ್ಟೆ ಹಿಂಡಲು ಕೈಜೋಡಿಸಿದಾಗ ತಗ್ಗಿದ ದನಿಯಲ್ಲಿ ಹೇಳಿದ: "ಮೆಕ್ಯಾನಿಕ್ಕು ನಕ್ಕುಬಿಟ್ಟ ಕಣೆ. ಆ ನೂರೈವತ್ತು ರಸ್ತೆ ಮೇಲಿನ ಲೆಕ್ಕ ಅಲ್ವಂತೆ. ಫ್ಯಾಕ್ಟರಿ ಒಳಗಡೆ ಉರುಳೆ ಮೇಲೆ ನಿಲ್ಲಿಸಿ, ಏರಿಲ್ಲ, ಗಾಳಿ ಇಲ್ಲ, ನಿಧಾನಕ್ಕೆ ಓಡಿಸಿ ತೆಗೆದದ್ದಂತೆ. ರಸ್ತೆಗೆ ಇಳಿದ್ರೆ ತೊಂಬತ್ತು ಬಂದ್ರೆ ಪುಣ್ಯ ಅಂದ."

"ಮತ್ತೆ ಮಾವ ಗಾಳಿ ಅಂದ್ರು?"

"ನಾನು ಹೇಳಿದೆ ಅಂತ ಹೇಳಬೇಡ ಮಾರಾಯ್ತಿ. ದಾರಿ ಉದ್ದಕ್ಕೂ ಮಾತಾಡಲಿಲ್ಲ ಅವರು."

ಅವಳಿಗೆ ಮಾವನ ಮೇಲೆ ಮೊದಲ ಸಲ ಕನಿಕರ ಬಂತು. ಜೊತೆಗೆ ಸಿಟ್ಟೂ ಬಂತು. ಗೊತ್ತಿದ್ದೂ ಮರುದಿನ ಮತ್ತೆ ಟಾರ್ಚು ಹಿಡಿದು ಕೂತು, "ಹ್ಞೂಂ, ಕೈ ಇನ್ನೂ ಹತೋಟಿಗೆ ಬಂದಿಲ್ಲ," ಎಂದರಲ್ಲ!

ಆಮೇಲೆ ಮನೆಯಲ್ಲಿ ಪಂದ್ಯವೇ ನಡೆಯಿತು. ಗಂಡ ಓಡಿಸಿದರೆ ತೊಂಬತ್ತಾರು, ಅವಳು ಓಡಿಸಿದರೆ ಎಂಬತ್ತೊಂಬತ್ತು. "ನೋಡಿದ್ಯಾ?" ಎಂದರು ಮಾವ. "ಅವರಿಗೆ ನನ್ನ ಹಾಗೆ ಇಪ್ಪತ್ತು ಕಡೆ ನಿಲ್ಲಿಸಿ ಹೊರಡಿಸಬೇಕಾ ಮಾವ? ಹಿಂದೆ ಡಬ್ಬಿ ಇದೆಯಾ?" ಎಂದಳು ಇವಳು. ಮಾತು ಬೆಳೆಯಿತು. ಅನ್ನ ತಳ ಹಿಡಿಯಿತು. "ನೀವೇ ಒಂದು ಸಲ ನನ್ನ ಡಬ್ಬಿ ಕಟ್ಟಿಕೊಂಡು ಬಂದರಿಗೆ ಹೋಗಿ ಬನ್ನಿ," ಎಂದು ಅವಳು ಸೌಟು ಕೆಳಗಿಟ್ಟಳು.

"ಹೋಗ್ತೀನಿ," ಎಂದರು ಅರವತ್ತೇಳರ ಮಾವ.

ತಿಂಗಳ ಕೊನೆಯ ಶುಕ್ರವಾರ ಅವಳು ರಜೆ ಹಾಕಿದಳು, ಗಂಡನಿಗೂ ಅಂದು ರಜೆ. ಡಬ್ಬಿಗೆ ತೂಕ ಸರಿಯಾಗಲೆಂದು ಅವಳು ನೀರಿನ ಬಾಟಲಿ ತುಂಬಿದಳು. ಬೆಳಿಗ್ಗೆ ಎಂಟಕ್ಕೆ, ಪೂರ್ತಿ ಚಾರ್ಜಾದ ಗಾಡಿಯನ್ನು ಮಾವ ಕೂಸನ್ನು ಎತ್ತಿಕೊಂಡಷ್ಟು ನಾಜೂಕಾಗಿ ರಸ್ತೆಗಿಳಿಸಿದರು. ಹತ್ತಕ್ಕೆ ಫೋನು ಬಂತು, ಬಂದರು ಮುಟ್ಟಿದೆ, ಚಹಾ ಕುಡಿಯುತ್ತಿದ್ದೇನೆ ಎಂದು. ದನಿಯಲ್ಲಿ ಗೆಲುವಿತ್ತು. ಆಮೇಲೆ ಮಧ್ಯಾಹ್ನದವರೆಗೂ ಸುದ್ದಿಯಿಲ್ಲ. ಅತ್ತೆ ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದರು, ಮಂಜುಗಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡಿದರು.

ಮೂರು ಗಂಟೆಗೆ ಈರುಳ್ಳಿ ಸಾಗಿಸುವ ಟೆಂಪೊ ಒಂದು ಮನೆ ಮುಂದೆ ನಿಂತಿತು. ಮೂಟೆಗಳ ನಡುವೆ ಗಾಡಿ ಮಲಗಿತ್ತು, ಅದರ ಪಕ್ಕ ಮಾವ ಕೂತಿದ್ದರು. ಕೂದಲಲ್ಲಿ, ಕಾಲರಿನಲ್ಲಿ, ಕಿವಿಯ ಸಂದಿಯಲ್ಲಿ ಈರುಳ್ಳಿ ಸಿಪ್ಪೆ. ಮೊಮ್ಮಗಳು ನಗು ತಡೆಯಲಾರದೆ ಬಚ್ಚಲುಮನೆಗೆ ಓಡಿದಳು.

ಅವರು ಯಾರ ಮುಖವನ್ನೂ ನೋಡದೆ ಎರಡು ಲೋಟ ನೀರು ಕುಡಿದು, ಪುಸ್ತಕ ತೆಗೆದು ಬರೆದರು. ಎಂಬತ್ತೆಂಟು.

"ಹೋಗುವಾಗ ಎದುರುಗಾಳಿ. ಬರುವಾಗ ಏರು," ಎಂದರು. "ಕಡೇ ಇಪ್ಪತ್ತು ಪರ್ಸೆಂಟು ನೋಡನೋಡ್ತಾ ಇದ್ದ ಹಾಗೆ ಇಳಿದುಹೋಯ್ತು. ಅಲ್ಲೊಬ್ಬ ಪಂಚರ್ ಅಂಗಡಿಯವನು ಒಳ್ಳೇವನು, ಪ್ಲಗ್ಗಿದೆ, ಚಾರ್ಜಿಗೆ ಹಾಕ್ಕೊಳ್ಳಿ ಅಂದ. ತುಂಬೋಕೆ ಐದು ಗಂಟೆ ಬೇಕು. ಐದು ಗಂಟೆ ಅವನ ಅಂಗಡೀಲಿ ಕೂತು ನಾನೇನು ಮಾಡಲಿ?"

ಹಾಳೆಯ ಮಾತು ಅವರು ಎತ್ತಲಿಲ್ಲ. ಬೇರೆ ಯಾರೂ ಎತ್ತಲಿಲ್ಲ. ಸೊಸೆಗೆ ಗೆದ್ದೆನೆಂದು ಕುಣಿಯಬೇಕೆನಿಸಿತು, ಆದರೆ ಆ ಕಿವಿಯ ಸಂದಿಯ ಸಿಪ್ಪೆ ನೋಡಿ ಆಗಲಿಲ್ಲ.

ಮಾವ ಸುಧಾರಿಸಿಕೊಂಡದ್ದು ಚಹಾ ಹೊಟ್ಟೆಗಿಳಿದ ಮೇಲೆ. ಮೊಮ್ಮಗಳ ಭೂಪಟದ ಪುಸ್ತಕ, ಕೈವಾರ ತರಿಸಿಕೊಂಡರು. ಎಂಬತ್ತೆಂಟರಲ್ಲಿ ಅರ್ಧ ನಲವತ್ನಾಲ್ಕು. ಮನೆಯಿದ್ದಲ್ಲಿ ಮುಳ್ಳು ಊರಿ, ಸುತ್ತ ಒಂದು ಅಚ್ಚುಕಟ್ಟಾದ ವೃತ್ತ ಎಳೆದರು. ಬಂದರು ಅದರ ಆಚೆ ಉಳಿಯಿತು.

"ನೀನು ಹೇಳಿದ್ದೇ ಸರಿ ಕಣಮ್ಮ," ಎಂದರು, ತುಂಬ ಪ್ರೀತಿಯಿಂದ. "ನಾನು ಒಪ್ಕೋತೀನಿ. ಈ ಗೆರೆಯೊಳಗೆ ಎಲ್ಲಿಗೆ ಬೇಕಾದ್ರೂ ಹೋಗು, ಯಾರೂ ಬೇಡ ಅನ್ನಲ್ಲ. ಬಂದರು ಮಾತ್ರ ಆಗಲ್ಲ. ನೀನೇ ತೋರಿಸಿಕೊಟ್ಟೆಯಲ್ಲ."

"ಸದ್ಯ, ಜಗಳ ಮುಗೀತು," ಎಂದ ಗಂಡ.

ಸೊಸೆ ಆ ಗೆರೆಯನ್ನು ನೋಡಿದಳು. ಒಂದು ತಿಂಗಳು ಹಟ ಹಿಡಿದು ಗೆದ್ದದ್ದು ಇದನ್ನೇ. ಸುಳ್ಳು ಹಾಳೆಯೇ ಅವಳ ಪಾಲಿಗೆ ತೆರೆದ ಬಾಗಿಲಾಗಿತ್ತು, ಅದನ್ನು ಅವಳೇ ಎಳೆದು ಮುಚ್ಚಿದ್ದಳು.

ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಅವಳಿಗೆ ಮಾವನ ಮಾತು ಮತ್ತೆ ಕಿವಿಗೆ ಬಿತ್ತು. ಐದು ಗಂಟೆ ಕೂತು ನಾನೇನು ಮಾಡಲಿ? ಕೈಯಲ್ಲಿದ್ದ ದುಪ್ಪಟಿ ಹಾಗೇ ನಿಂತಿತು. ಬಂದರಿನಲ್ಲಿ ಅವಳು ಕೂರುವುದು ಒಂಬತ್ತರಿಂದ ನಾಲ್ಕು. ಏಳು ಗಂಟೆ. ಗಾಡಿಗೆ ಬೇಕಾದದ್ದು ಐದು. ಅವಳು ರಕ್ತ ತೆಗೆಯುತ್ತಿದ್ದರೆ ಗಾಡಿ ತನ್ನ ಪಾಡಿಗೆ ತುಂಬಿಕೊಳ್ಳುತ್ತದೆ. ಹೋಗಲು ಅರವತ್ತೊಂದು, ಬರಲು ಹೊಸದಾಗಿ ಅರವತ್ತೊಂದು. ಬೇಕಾದದ್ದು ಒಂದು ಪ್ಲಗ್ಗು!

"ರೀ, ಮೇಲೆ ಬನ್ನಿ!" ಎಂದು ಕೂಗಿದಳು.

ಗಂಡ ಎಲ್ಲ ಕೇಳಿದ. ತಲೆ ಕೆರೆದುಕೊಂಡ. "ನನಗೆ ಗಾಡಿ?"

"ಕಾರ್ಖಾನೆ ವ್ಯಾನು. ಮೊದಲು ಹೋಗ್ತಿರಲಿಲ್ವಾ?"

"ದೊಡ್ಡ ರಸ್ತೆವರೆಗೆ ನಡೀಬೇಕಲ್ಲೇ."

"ಹನ್ನೊಂದು ವರ್ಷ ನಾನು ಮೆಟ್ಟಿಲು ಹತ್ತಿಲ್ವಾ?"

ಅವನು ದುಪ್ಪಟಿಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಮಡಿಸಿದರು. "ಸರಿ, ನಡೀತೀನಿ," ಎಂದ, ಮುಖ ಸ್ವಲ್ಪ ಸಣ್ಣದು ಮಾಡಿಕೊಂಡು. "ಅಪ್ಪನಿಗೆ ನಾಳೆ ಹೇಳೋಣ. ಇವತ್ತು ಪಾಪ, ಈರುಳ್ಳಿ ಜೊತೆ ಬಂದಿದ್ದಾರೆ."

ಅವಳು ಮೆಟ್ಟಿಲಿಳಿಯುವಾಗ ನಿಜವಾಗಿಯೂ ಹಾಡು ಗುನುಗುತ್ತಿದ್ದಳು.

ಶನಿವಾರ ಸರದಿ ಮುಗಿಸಿ ಅವಳು ಬೇಗ ಮನೆಗೆ ಬಂದಳು. ಗಡಿಯಾರದಂಗಡಿಯ ಅಜ್ಜನಿಗಂತೂ, ಮುಂದಿನ ತಿಂಗಳಿಂದ ನಾನು ಬಂದರಿನಲ್ಲಿ ಅಜ್ಜ, ಬೇರೆಯವರು ಬರ್ತಾರೆ, ಎಂದು ಹೇಳಿಯೂ ಆಗಿತ್ತು. ಎಲ್ಲರೂ ನಡುಮನೆಯಲ್ಲಿದ್ದರು. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು, ಮಾವ ಪೇಪರು ಹಿಡಿದಿದ್ದರು. ಮುಚ್ಚುಮರೆ ಯಾಕೆಂದು ಅವಳು ಅಲ್ಲೇ ನಿಂತು, ಲ್ಯಾಬಿಗೆ ಹೋದಾಗ ಸಿಗದಿದ್ದ ಮ್ಯಾನೇಜರಿಗೆ ಫೋನು ಹಚ್ಚಿದಳು.

"ಸರ್, ಬಂದರಿಗೆ ನಾನು ಹೋಗ್ತೀನಿ. ಒಂದೇ ವಿಷಯ ಕೇಳಬೇಕಿತ್ತು. ಅಲ್ಲಿ ದಪ್ಪ ಪಿನ್ನಿನ ಪ್ಲಗ್ ಇದೆಯಾ?"

"ಎರಡಿದೆಯಲ್ಲಮ್ಮ, ಫ್ರಿಜ್ ಪಕ್ಕದಲ್ಲಿ. ಆದ್ರೆ... ನಿಮ್ಮ ಮಾವನವರು ನಿನ್ನೆ ಸಂಜೇನೇ ಫೋನ್ ಮಾಡಿದ್ರಲ್ಲ? ಗಾಡಿ ಅಷ್ಟು ದೂರ ಬರಲ್ಲ, ಹೇಳೋಕೆ ಅವಳಿಗೆ ಸಂಕೋಚ ಅಂದ್ರು. ನಾವು ಇನ್ನೊಬ್ಬರಿಗೆ ಹೇಳಿಬಿಟ್ವಿ. ಬೆಳಿಗ್ಗೆ ಬಂದು ಸಹಿನೂ ಹಾಕಿ ಹೋದ್ರು."

ಅವಳು ಫೋನು ಇಳಿಸಿದಳು. ಲ್ಯಾಬಿನ ನಂಬರು ಐಸ್ ಡಬ್ಬಿಯ ಮುಚ್ಚಳದ ಮೇಲೇ ಇದೆ. ನಿನ್ನೆ ಅದನ್ನು ಕಟ್ಟಿಕೊಟ್ಟವಳು ಅವಳೇ.

"ಮಾವ, ನೀವು ಫೋನ್ ಮಾಡಿದ್ರಾ?"

"ಮಾಡಿದೆ," ಎಂದರು, ಪೇಪರು ಕೆಳಗಿಳಿಸದೆ. "ನೀವಿಬ್ಬರೂ ಮಹಡಿ ಮೇಲಿದ್ರಿ. ಇಲ್ಲ ಅನ್ನೋಕೆ ನಿನಗೆ ಕಷ್ಟ ಆಗುತ್ತೆ ಅಂತ ನಾನೇ ಹೇಳಿದೆ. ಸುಳ್ಳೇನೂ ಹೇಳಿಲ್ಲ. ಎಂಬತ್ತೆಂಟು ಅಂದ್ರೆ ಎಂಬತ್ತೆಂಟು."

"ಅಲ್ಲಿ ಎರಡು ಪ್ಲಗ್ಗಿದೆಯಂತೆ."

"ಅದು ನನಗೇನು ಗೊತ್ತು?"

"ಕೇಳಿದ್ರಾ?"

ಗಂಡ ಚಹಾದ ಲೋಟದೊಳಗೆ ಇಣುಕಿ ನೋಡುತ್ತಿದ್ದ. ಅತ್ತೆಯ ಬೆರಳು ಹುರುಳಿಕಾಯಿಯ ಮೇಲೆ ನಿಂತಿತು.

"ಕೇಳಿದ್ರೆ ಗೊತ್ತಾಗಿಬಿಡುತ್ತಲ್ಲ," ಎಂದರು ಅತ್ತೆ. ತಲೆ ಎತ್ತಲಿಲ್ಲ. "ಏಳಕ್ಕೂ ಒಂದು ಬಸ್ಸಿತ್ತು ರೀ."

"ಯಾವ ಬಸ್ಸು?"

"ಟೈಪಿಂಗ್ ಶಾಲೆಯಿಂದ. ಐದಕ್ಕೆ ಕೊನೇದು ಅಂದಿದ್ರಿ ನೀವು. ಏಳಕ್ಕೆ ಒಂದಿತ್ತು. ಎದುರು ಮನೆಯವಳು ಅದರಲ್ಲೇ ಹದಿನೈದು ವರ್ಷ ಓಡಾಡಿದಳು."

ಮಾವ ಪೇಪರಿನ ಹಾಳೆ ತಿರುವಿದರು.

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?" ಎಂದಳು ಸೊಸೆ.

"ಅದೇ ವರ್ಷ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಸುಮ್ಮನೆ ಎಲ್ಲಿದ್ದೆ?" ಎಂದರು ಅತ್ತೆ. "ಕೇಳಿದವರಿಗೆಲ್ಲ ಹೇಳ್ತಾ ಬಂದೆನಲ್ಲ, ಐದಕ್ಕೆ ಕೊನೇ ಬಸ್ಸು ಅಂತ."

ಅವರು ಇನ್ನೊಂದು ಹುರುಳಿಕಾಯಿ ತೆಗೆದುಕೊಂಡು ತುದಿ ಮುರಿದರು. ಒಂದು ಗಂಟೆಗೆ ಗಂಡ ಗಾಡಿ ಹತ್ತಿ ಕಾರ್ಖಾನೆಗೆ ಹೋದ.

ಸೋಮವಾರ ಬೆಳಿಗ್ಗೆ ಅವಳು ಗಡಿಯಾರದಂಗಡಿಯ ಮೇಲಿನ ಮೆಟ್ಟಿಲು ಹತ್ತಿದಳು. ಅಜ್ಜ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಏನು ಸೂಜಿ, ಬಂದರಿಗೆ ಹೋಗೋದು ನಿಂತೋಯ್ತಾ? ನಿನ್ನೆ ನಿಮ್ಮ ಮಾವ ಸಿಕ್ಕಿದ್ರು. ಗಾಡಿ ಅಷ್ಟು ದೂರ ಹೋಗಲ್ವಂತೆ?"

ಹೌದು ಅಜ್ಜ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಎಷ್ಟು ಸಲೀಸಾದ ಮಾತು ಅದು. ಒಂದು ಸಲ ಹೇಳಿದರೆ ಸಾಕು, ಇನ್ನು ನಲವತ್ತು ವರ್ಷ ತಾನಾಗಿಯೇ ಬಾಯಿಗೆ ಬರುತ್ತದೆ.

"ಹೋಗುತ್ತೆ ಅಜ್ಜ," ಎಂದಳು, ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ. "ಅಲ್ಲಿ ಎರಡು ಪ್ಲಗ್ಗಿತ್ತು."

ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ.

"ಮುಷ್ಟಿ ಹಿಡೀರಿ," ಎಂದಳು.